ರಾಜದ್ರೋಹದಿಂದ ದೇಶದ್ರೋಹಕ್ಕೆ: ಒಂದು ಕಾನೂನಿನ ಕನ್ನಡ ಹೆಸರು ಮತ್ತು ದಕ್ಷಿಣ ಕನ್ನಡದ ಕೆಲವು ಪ್ರಸಂಗಗಳು

2023ರ ಡಿಸೆಂಬರ್ ತಿಂಗಳಲ್ಲಿ ಭಾರತೀಯ ನ್ಯಾಯ ಸಂಹಿತೆಯ ಮಸೂದೆಯು ಲೋಕಸಭೆಯಲ್ಲಿ ಚರ್ಚೆಗೆ ಬಂದಾಗ, ‘ರಾಜದ್ರೋಹ’ವನ್ನು ತೆಗೆದು ಆ ಜಾಗದಲ್ಲಿ ‘ದೇಶದ್ರೋಹ’ವನ್ನು ಇರಿಸಲಾಗಿದೆ ಎಂಬ ಅರ್ಥದ ವಿವರಣೆಯನ್ನು ಕೇಂದ್ರ ಗೃಹ ಸಚಿವರು ಹಿಂದಿಯಲ್ಲಿ ನೀಡಿದರು. ಇಂಗ್ಲಿಷಿನಲ್ಲಿ ವರದಿ ಓದಿದವರಿಗೆ ಇದು ಕಾನೂನಿನ ದೊಡ್ಡ ಪಲ್ಲಟವಾಗಿ ಕಂಡಿರಬಹುದು. ಕನ್ನಡದ ಓದುಗನಿಗಾದರೋ ಅದರಲ್ಲಿ ಹೊಸತೇನೂ ಇರಲಿಲ್ಲ. ಭಾರತೀಯ ದಂಡ ಸಂಹಿತೆಯ 124ಎ ಕಲಮನ್ನು ಕಾನೂನು ಬಲ್ಲವರು ‘ರಾಜದ್ರೋಹ’ ಎಂದು ಕರೆಯುತ್ತಿದ್ದ ಕಾಲದಲ್ಲಿಯೇ ಕನ್ನಡದ ಪತ್ರಿಕೆಗಳೂ ದೃಶ್ಯಮಾಧ್ಯಮಗಳೂ ಅದನ್ನು ‘ದೇಶದ್ರೋಹ’ ಎಂದು ಬರೆಯುವ ರೂಢಿಗೆ ಬಂದಿದ್ದವು. ಶಾಸಕಾಂಗವು 2023ರಲ್ಲಿ ಮಾಡಿದ ಪದಪಲ್ಲಟವನ್ನು ಸುದ್ದಿಮನೆಯ ಮೇಜುಗಳು ಎಷ್ಟೋ ವರ್ಷ ಮೊದಲೇ ಮಾಡಿ ಮುಗಿಸಿದ್ದವು. ಪತ್ರಿಕಾ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಕಾನೂನೊಂದಕ್ಕೆ ಪತ್ರಿಕೆಗಳೇ ಅದರ ವ್ಯಾಪ್ತಿಗಿಂತ ಹಿರಿದಾದ ಹೆಸರನ್ನು ಕೊಟ್ಟದ್ದು ಹೇಗೆ, ಅದರ ಪರಿಣಾಮವೇನು ಎಂಬುದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಲಿನ ಪ್ರಸಂಗಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದದ ಮಾತು. ಇಂಗ್ಲಿಷಿನ ‘ಸೆಡಿಷನ್’ ಶಬ್ದದ ಲ್ಯಾಟಿನ್ ಮೂಲದಲ್ಲಿ ಬೇರೆಯಾಗಿ ಹೋಗುವುದು, ಒಡೆದು ನಿಲ್ಲುವುದು ಎಂಬ ಅರ್ಥವಿದೆ. ದಂಗೆ, ಕ್ಷೋಭೆ ಎಂಬ ಅರ್ಥಗಳು ಅಲ್ಲಿಂದ ಬೆಳೆದವು. ನಂಬಿಕೆಗೆ ಎರಡು ಬಗೆಯುವ ಭಾವ ಆ ಶಬ್ದದೊಳಗೆ ಇಲ್ಲ. ಕನ್ನಡದ ‘ದ್ರೋಹ’ವು ಮೊದಲಿನಿಂದಲೂ ಬೇರೆ ಲೋಕಕ್ಕೆ ಸೇರಿದ್ದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’, ಅಂದರೆ ದ್ರೋಹಿಗಳನ್ನು ಅರೆಯುವ ಬೀಸುಕಲ್ಲು, ಎಂಬ ಬಿರುದಿತ್ತು. ಅವನ ನೆನಪಿಗೆ ಮಗ ಬೊಪ್ಪನು ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಗೂ ಅದೇ ಹೆಸರು ಬಂದಿತು. ಒಡೆಯನಿಗೂ ಆಳಿಗೂ ಅನ್ನದ ಋಣವಿದೆ, ಅದನ್ನು ಮುರಿದವನು ದ್ರೋಹಿ, ಅವನನ್ನು ಅರೆದುಹಾಕುವುದು ಪುಣ್ಯಕಾರ್ಯ ಎಂಬ ಊಳಿಗಮಾನ್ಯ ನೀತಿಯ ಶಬ್ದವಿದು. ಉಂಡ ಮನೆಗೆ ಎರಡು ಬಗೆಯುವುದು ಎಂಬ ಇಂದಿನ ನುಡಿಗಟ್ಟಿನಲ್ಲಿಯೂ ಅದೇ ನೀತಿ ಉಸಿರಾಡುತ್ತಿದೆ.

124ಎ ಕಲಮಿನ ಒಕ್ಕಣೆ ಇಂತಹ ಯಾವುದನ್ನೂ ಹೇಳುತ್ತಿರಲಿಲ್ಲ. ಮಾತು, ಬರಹ, ಸಂಕೇತ ಅಥವಾ ದೃಶ್ಯರೂಪದ ಮೂಲಕ, ಕಾನೂನಿನಿಂದ ಸ್ಥಾಪಿತವಾದ ಸರ್ಕಾರದ ಕುರಿತು ದ್ವೇಷವನ್ನು, ತಿರಸ್ಕಾರವನ್ನು ಅಥವಾ ಅಪ್ರೀತಿಯನ್ನು ಹುಟ್ಟಿಸುವುದು ಅಥವಾ ಹುಟ್ಟಿಸಲು ಯತ್ನಿಸುವುದು ಅಪರಾಧ ಎಂದಷ್ಟೇ ಅದು ಹೇಳುತ್ತಿತ್ತು. ಅದರಲ್ಲಿ ದೇಶ ಎಂಬ ಮಾತಿಲ್ಲ, ಇರುವುದು ಸರ್ಕಾರ. ಕತ್ತಿ ಕೋವಿಗಳ ಮಾತೂ ಇಲ್ಲ, ನುಡಿ ಮಾತ್ರ. ಸರ್ಕಾರದ ಮೇಲೆ ಯುದ್ಧ ಹೂಡುವುದಕ್ಕೆ ಅದೇ ಸಂಹಿತೆಯಲ್ಲಿ 121ನೆಯ ಕಲಮು ಪ್ರತ್ಯೇಕವಾಗಿತ್ತು. ನಿಜವಾದ ಅರ್ಥದಲ್ಲಿ ‘ದ್ರೋಹ’ ಎನ್ನಬಹುದಾದದ್ದು ಆ 121. ಕನ್ನಡವು ಎರಡಕ್ಕೂ ‘ದ್ರೋಹ’ದ ಮುದ್ರೆಯನ್ನೇ ಒತ್ತಿದ ಕಾರಣ, ಲೇಖನವೊಂದನ್ನು ಬರೆಯುವುದಕ್ಕೂ ದಂಡೆತ್ತಿ ಬರುವುದಕ್ಕೂ ನಡುವೆ ಕಾನೂನು ಇರಿಸಿದ್ದ ಅಂತರ ಭಾಷೆಯಲ್ಲಿ ಅಳಿಸಿಹೋಯಿತು. ಹಾಗೆ ನೋಡಿದರೆ ‘ರಾಜದ್ರೋಹ’ವೇ ಮೂಲವನ್ನು ಮೀರಿದ ಅನುವಾದ, ‘ದೇಶದ್ರೋಹ’ ಅದರ ಮೇಲಿನ ಮತ್ತೊಂದು ಮಜಲು.

ಈ ಕಲಮಿನ ಹುಟ್ಟಿನ ವರ್ಷವನ್ನು ದಕ್ಷಿಣ ಕನ್ನಡದ ಇತಿಹಾಸದೊಂದಿಗೆ ಇಟ್ಟು ನೋಡುವುದು ಕುತೂಹಲಕರ. ಮೆಕಾಲೆಯ ನೇತೃತ್ವದ ಕಾನೂನು ಆಯೋಗವು ದಂಡ ಸಂಹಿತೆಯ ಕರಡನ್ನು ಒಪ್ಪಿಸಿದ್ದು 1837ರಲ್ಲಿ. ಸೆಡಿಷನ್ ಕುರಿತ ವಿಧಿ ಆ ಕರಡಿನಲ್ಲಿಯೇ ಇತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ಬಂಡಾಯಗಾರರು ಪುತ್ತೂರು, ಬಂಟ್ವಾಳಗಳನ್ನು ಹಾದು ಮಂಗಳೂರನ್ನು ಹಿಡಿದು, ಸುಮಾರು ಎರಡು ವಾರ ಅಲ್ಲಿ ಅಧಿಕಾರ ನಡೆಸಿದರು. ಎರಡಕ್ಕೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೆ ಬಂಡಾಯವನ್ನು ಅಡಗಿಸಿದ ಬಗೆಯಲ್ಲಿ ‘ರಾಜದ್ರೋಹ’ದ ಹಳೆಯ ಅರ್ಥ ನಿಚ್ಚಳವಾಗಿ ಕಾಣುತ್ತದೆ. 1799ರ ಅನಂತರ ಕೆನರಾ ಕಂಪನಿಯ ವಶವಾದಾಗ ತುಳುನಾಡಿನ ಜೈನ ಅರಸುಮನೆತನಗಳು ಆಳ್ವಿಕೆ ಕಳೆದುಕೊಂಡಿದ್ದವು. ಮೂಡುಬಿದಿರೆಯ ಚೌಟರು ಸರ್ಕಾರದ ಅಲ್ಪ ವಿಶ್ರಾಂತಿವೇತನದಲ್ಲಿ ಅರಮನೆಯೊಳಗೆ ಉಳಿದರು. ಬಂಗರ ಕಥೆ ಬೇರೆ. ಇಂದಿನ ಬೆಳ್ತಂಗಡಿ ತಾಲೂಕಿನ ಬಂಗಾಡಿಯಲ್ಲಿ ಮೂಲನೆಲೆಯನ್ನೂ, ಬಂಟ್ವಾಳ ತಾಲೂಕಿನ ನಂದಾವರದಲ್ಲಿ ಮತ್ತೊಂದು ನೆಲೆಯನ್ನೂ ಹೊಂದಿದ್ದ ಈ ಮನೆತನದ ಲಕ್ಷ್ಮಪ್ಪ ಬಂಗರಸನು ಬಂಡಾಯಗಾರರ ಜೊತೆ ನಿಂತನು. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಒಂದೇ ಸೀಮೆಯ ಎರಡು ಅರಸುಮನೆಗಳಲ್ಲಿ ಒಂದಕ್ಕೆ ವೇತನ, ಮತ್ತೊಂದಕ್ಕೆ ನೇಣು.

ಈ ಘಟನೆಗೆ ಜನರ ಬಾಯಲ್ಲಿ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಸುಲಿಗೆ, ಲೂಟಿ. ಗೆದ್ದವರು ಘಟನೆಗೆ ಕೊಟ್ಟ ಅರ್ಥವೇ ಸೋತವರ ನೆಲದ ಆಡುಮಾತಿನಲ್ಲಿ ನೆಲೆಯೂರಿತು. ಅದನ್ನು ಅಲ್ಲಗಳೆದು ಬರೆಯಲು ಆಗ ಪತ್ರಿಕೆಗಳಿರಲಿಲ್ಲ; ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಹೊರತಂದದ್ದು 1843ರ ಜುಲೈಯಲ್ಲಿ. ‘ಕಾಟಕಾಯಿ’ಯು ‘ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ’ವಾಗಿ ಮರುನಾಮಕರಣಗೊಳ್ಳಲು ಸಂಶೋಧಕರೂ ಕಾದಂಬರಿಕಾರರೂ ದಶಕಗಳ ಕಾಲ ಶ್ರಮಿಸಬೇಕಾಯಿತು. ಬಂಡಾಯದ ನಾಯಕರಲ್ಲೊಬ್ಬನಾದ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅನಾವರಣಗೊಂಡದ್ದು 2022ರ ನವೆಂಬರ್‌ನಲ್ಲಿ. ಹೆಸರೊಂದನ್ನು ಕಳಚಲು ನೂರ ಎಂಬತ್ತೈದು ವರ್ಷ.

ಮೆಕಾಲೆಯ ಕರಡಿನಲ್ಲಿದ್ದ ವಿಧಿ 1860ರ ದಂಡ ಸಂಹಿತೆಯಲ್ಲಿ ಬಿಟ್ಟುಹೋಗಿ, 1870ರಲ್ಲಿ 124ಎ ಆಗಿ ಸೇರ್ಪಡೆಯಾಯಿತು. 1897ರಲ್ಲಿ ತಿಲಕರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಸ್ಟ್ರೇಚಿ, ಕಲಮಿನಲ್ಲಿನ ‘ಅಪ್ರೀತಿ’ಗೆ ಪ್ರೀತಿಯ ಅಭಾವ ಎಂಬಷ್ಟು ವಿಸ್ತಾರವಾದ ಅರ್ಥವನ್ನು ಕೊಟ್ಟರು. ಮರುವರ್ಷದ ತಿದ್ದುಪಡಿ ಅದಕ್ಕೆ ನಿಷ್ಠೆಯಿಲ್ಲದಿರುವುದನ್ನೂ ವೈರಭಾವವನ್ನೂ ಜೋಡಿಸಿತು. 1908ರಲ್ಲಿ ತಿಲಕರಿಗೆ ಇದೇ ಕಲಮಿನಡಿ ಆರು ವರ್ಷಗಳ ಗಡೀಪಾರು. 1922ರಲ್ಲಿ ಗಾಂಧೀಜಿ ‘ಯಂಗ್ ಇಂಡಿಯಾ’ದ ಲೇಖನಗಳಿಗಾಗಿ ಆರೋಪ ಹೊತ್ತು, ಪ್ರೀತಿಯನ್ನು ಕಾನೂನಿನ ಮೂಲಕ ಹುಟ್ಟಿಸಲಾಗದೆಂದು ಅಹಮದಾಬಾದಿನ ನ್ಯಾಯಾಲಯದಲ್ಲಿ ಹೇಳಿ, ತಪ್ಪೊಪ್ಪಿಕೊಂಡು ಶಿಕ್ಷೆಯನ್ನು ಸ್ವೀಕರಿಸಿದರು. ಇವು ಎಲ್ಲರೂ ಬಲ್ಲ ಸಂಗತಿಗಳು.

ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಸಣ್ಣ ಪತ್ರಿಕೆಗಳನ್ನು ಕೊಲ್ಲಲು ಈ ಕಲಮು ಬೇಕಾಗುತ್ತಿರಲಿಲ್ಲ ಎಂಬುದು. 1910ರ ಮುದ್ರಣ ಕಾಯಿದೆಯು ಹೊಸ ಮುದ್ರಣಾಲಯದಿಂದ 500ರಿಂದ 2000 ರೂಪಾಯಿಗಳವರೆಗೆ ಠೇವಣಿ ಕೇಳುವ ಅಧಿಕಾರವನ್ನು ಮ್ಯಾಜಿಸ್ಟ್ರೇಟನಿಗೆ ನೀಡಿತು. ಆಕ್ಷೇಪಾರ್ಹವಾದ ಬರಹ ಕಂಡರೆ ಠೇವಣಿ ಮುಟ್ಟುಗೋಲು. ಮೊಳೆ ಜೋಡಿಸುವವನಿಗೆ ಸಂಬಳ ಕೊಡಲು ಹೆಣಗುತ್ತಿದ್ದ ಜಿಲ್ಲಾಕೇಂದ್ರದ ವಾರಪತ್ರಿಕೆಗೆ ಸೆರೆಮನೆಗಿಂತ ಈ ಠೇವಣಿಯ ಭಯವೇ ದೊಡ್ಡದು. ಪಕ್ಕದ ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ಅಲ್ಲಿ 1908ರಲ್ಲಿ ಬಂದ ಪತ್ರಿಕಾ ಕಾನೂನನ್ನು ಪ್ರತಿಭಟಿಸಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ದ.ರಾ. ಬೇಂದ್ರೆಯವರು ‘ನರಬಲಿ’ ಎಂಬ ಒಂದು ಕವಿತೆಗಾಗಿ 1932ರಲ್ಲಿ ಸೆರೆವಾಸ ಅನುಭವಿಸಿದರು.

ಈ ಕಾಲಘಟ್ಟದಲ್ಲಿ ‘ರಾಜದ್ರೋಹ’ ಶಬ್ದಕ್ಕೆ ಒದಗಿದ ಗತಿ ವಿಚಾರಾರ್ಹ. ರಾಜ ಪರಕೀಯ, ದೇಶ ನಮ್ಮದು ಎಂಬ ವಿಭಜನೆ ಸ್ಪಷ್ಟವಾಗಿದ್ದುದರಿಂದ ರಾಜದ್ರೋಹಿ ಎನಿಸಿಕೊಂಡವನು ಸಹಜವಾಗಿಯೇ ದೇಶಭಕ್ತನಾಗುತ್ತಿದ್ದನು. 1907ರಲ್ಲಿ ಮಂಗಳೂರಿನಲ್ಲಿ ಹೊರಟ ಪತ್ರಿಕೆಯ ಹೆಸರು ‘ಸ್ವದೇಶಾಭಿಮಾನಿ’. ಬಂಟ್ವಾಳ ತಾಲೂಕಿನ ಪೆರುವಾಯಿ ಮೂಲದ ಕವಿ ಕಡೆಂಗೋಡ್ಲು ಶಂಕರಭಟ್ಟರು ಅನೇಕ ವರ್ಷ ಸಂಪಾದಿಸಿದ ವಾರಪತ್ರಿಕೆಯ ಹೆಸರು ‘ರಾಷ್ಟ್ರಬಂಧು’. ಹೆಸರಿನಲ್ಲಿಯೇ ಪತ್ರಿಕೆಯು ತಾನು ಯಾರ ಬಂಧು ಎಂಬುದನ್ನು ಸಾರಿಕೊಳ್ಳುತ್ತಿತ್ತು. ಸರ್ಕಾರವನ್ನು ಟೀಕಿಸುವುದೇ ದೇಶಕ್ಕೆ ಸಲ್ಲಿಸುವ ಸೇವೆ ಎಂಬ ಸಮೀಕರಣ ಆ ಪೀಳಿಗೆಯ ಪತ್ರಕರ್ತರಿಗೆ ವಿವರಣೆ ಬೇಡುವ ಸಂಗತಿಯಾಗಿರಲಿಲ್ಲ.

ಸ್ವಾತಂತ್ರ್ಯ ಬಂದಾಗ ರಾಜನೂ ದೇಶವೂ ಒಂದೇ ಆದರು. ತೊಡಕು ಹುಟ್ಟಿದ್ದು ಇಲ್ಲಿಯೇ. ಸಂವಿಧಾನ ಸಭೆಯು 1948ರಲ್ಲಿ, ಕೆ.ಎಂ. ಮುನ್ಶಿಯವರ ತಿದ್ದುಪಡಿಯ ಮೇರೆಗೆ, ವಾಕ್‌ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳ ಪಟ್ಟಿಯಿಂದ ‘ಸೆಡಿಷನ್’ ಶಬ್ದವನ್ನು ಕೈಬಿಟ್ಟಿತು. ಆದರೆ ದಂಡ ಸಂಹಿತೆಯಿಂದ 124ಎ ಕಲಮನ್ನು ಯಾರೂ ಕಿತ್ತುಹಾಕಲಿಲ್ಲ. 1950ರಲ್ಲಿ ಮದ್ರಾಸು ಸರ್ಕಾರವು ರೊಮೇಶ್ ಥಾಪರ್ ಅವರ ‘ಕ್ರಾಸ್ ರೋಡ್ಸ್’ ಪತ್ರಿಕೆ ರಾಜ್ಯದೊಳಗೆ ಬಾರದಂತೆ ನಿಷೇಧಿಸಿತು. ಅಂದು ದಕ್ಷಿಣ ಕನ್ನಡ ಮದ್ರಾಸು ರಾಜ್ಯದ ಜಿಲ್ಲೆ. ನಿಷೇಧ ಬಂಟ್ವಾಳಕ್ಕೂ ಕಾರ್ಕಳಕ್ಕೂ ಅನ್ವಯಿಸುತ್ತಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿದಾಗ, ಸಂಸತ್ತು 1951ರ ಮೊದಲ ತಿದ್ದುಪಡಿಯ ಮೂಲಕ ‘ಸಾರ್ವಜನಿಕ ಸುವ್ಯವಸ್ಥೆ’ಯನ್ನು ನಿರ್ಬಂಧದ ಕಾರಣವಾಗಿ ಸೇರಿಸಿತು. ಆ ಚರ್ಚೆಯಲ್ಲಿ ನೆಹರೂ ಅವರು 124ಎ ಕಲಮನ್ನು ಖಂಡಿಸಿಯೇ ಮಾತನಾಡಿದ್ದರು. ಖಂಡಿಸಿದವರ ಸರ್ಕಾರವೇ ಅದನ್ನು ಉಳಿಸಿಕೊಂಡಿತು.

1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲಮನ್ನು ಊರ್ಜಿತಗೊಳಿಸಿದರೂ ಅದರ ಬಾಯಿಗೆ ಕುಕ್ಕೆ ಕಟ್ಟಿತು: ಹಿಂಸೆಗೆ ಪ್ರಚೋದನೆ ಅಥವಾ ಸಾರ್ವಜನಿಕ ಅವ್ಯವಸ್ಥೆಯನ್ನು ಉಂಟುಮಾಡುವ ಪ್ರವೃತ್ತಿ ಇದ್ದರೆ ಮಾತ್ರ ಅಪರಾಧ, ಸರ್ಕಾರದ ಕ್ರಮಗಳನ್ನು ಎಷ್ಟೇ ಕಟುವಾಗಿ ಟೀಕಿಸಿದರೂ ಅದು ಅಪರಾಧವಲ್ಲ. ಕುಕ್ಕೆ ಇದ್ದದ್ದು ತೀರ್ಪಿನ ಪುಟದಲ್ಲಿ. 1973ರ ದಂಡ ಪ್ರಕ್ರಿಯಾ ಸಂಹಿತೆಯು ಇದನ್ನು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧವನ್ನಾಗಿಸಿತು. ಬ್ರಿಟಿಷರು ಕೂಡ ಠಾಣೆಯ ಅಧಿಕಾರಿಗೆ ಕೊಡದಿದ್ದ ಅಧಿಕಾರವದು. ಅಲ್ಲಿಂದ ಮುಂದೆ ಮುಖ್ಯವಾದದ್ದು ಕೊನೆಯ ತೀರ್ಪಲ್ಲ, ಮೊದಲ ಬಂಧನ. 2014ರಿಂದ 2019ರವರೆಗಿನ ಆರು ವರ್ಷಗಳಲ್ಲಿ ದೇಶದಾದ್ಯಂತ 124ಎ ಅಡಿ ದಾಖಲಾದ ಪ್ರಕರಣಗಳು 326. ಆ ಅವಧಿಯಲ್ಲಿ ಶಿಕ್ಷೆಯಾದದ್ದು 6 ಮಂದಿಗೆ.

ಈ ಅಂಕಿಗಳ ಹಿಂದಿನ ವಾಸ್ತವವನ್ನು ಅರಿಯಲು ಬೆಳ್ತಂಗಡಿ ತಾಲೂಕಿನ ಕುತ್ಲೂರು ಪ್ರಕರಣಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಮೂಡುಬಿದಿರೆಯಿಂದ ಘಟ್ಟದ ಕಡೆಗೆ ಸಾಗಿದರೆ ಸಿಗುವ ನಾರಾವಿಯ ಆಚೆಗೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಊರು ಕುತ್ಲೂರು. ಅಲ್ಲಿನ ಮಲೆಕುಡಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಉದ್ಯಾನದ ಘೋಷಣೆಯ ಬಳಿಕ ರಸ್ತೆ, ವಿದ್ಯುತ್ತು, ಭೂಮಿಯ ಹಕ್ಕುಗಳೂ, ಕಾಡಿನಲ್ಲಿಯೇ ಉಳಿಯುವ ಪ್ರಶ್ನೆಯೂ ಅಲ್ಲಿ ನಿತ್ಯದ ವ್ಯಾಜ್ಯಗಳಾದವು. ಇದೇ ಅವಧಿಯಲ್ಲಿ ನಕ್ಸಲ್ ಚಟುವಟಿಕೆಯೂ ಘಟ್ಟದ ತಪ್ಪಲಿಗೆ ಬಂದಿತು. 2003ರ ನವೆಂಬರ್‌ನಲ್ಲಿ ನೆರೆಯ ಕಾರ್ಕಳ ತಾಲೂಕಿನ ಈದುವಿನಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಯುವತಿಯರು ಸತ್ತರು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳೆದುರು ಶರಣಾದ ಆರು ಮಂದಿಯಲ್ಲಿ ಕುತ್ಲೂರಿನವರೊಬ್ಬರು ಇದ್ದರು. ಪ್ರಭುತ್ವದ ಆತಂಕ ಸಂಪೂರ್ಣ ಕಲ್ಪಿತವಾಗಿತ್ತೆಂದು ಹೇಳುವಂತಿಲ್ಲ. ಆ ಆತಂಕವನ್ನು ಯಾರ ಮೇಲೆ ಇಳಿಸಲಾಯಿತು ಎಂಬುದೇ ಪ್ರಶ್ನೆ.

2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ಪಡೆಯು ಕುತ್ಲೂರಿನ ಮನೆಯಿಂದ ವಿಠಲ ಮಲೆಕುಡಿಯ ಎಂಬ ಯುವಕನನ್ನೂ ಅವರ ತಂದೆಯನ್ನೂ ಬಂಧಿಸಿತು. ವಿಠಲ ಅವರು ಆಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿ. 124ಎ ಕಲಮಿನ ಜೊತೆಗೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಯನ್ನೂ ಹೇರಲಾಯಿತು. ಮನೆಯಿಂದ ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಗಳ ತುಣುಕುಗಳು, ಚಹಾಪುಡಿ, ಸಕ್ಕರೆಯಂತಹ ದಿನಬಳಕೆಯ ಸಾಮಗ್ರಿಗಳು, ಹಾಗೂ ಊರಿಗೆ ಮೂಲಸೌಕರ್ಯ ಒದಗಿಸುವವರೆಗೆ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಬೇಕೆಂಬ ಪತ್ರ ಸೇರಿದ್ದವು. ಈ ಪಟ್ಟಿಯನ್ನು ಮತ್ತೊಮ್ಮೆ ಓದಬೇಕು. ಪತ್ರಿಕೋದ್ಯಮದ ವಿದ್ಯಾರ್ಥಿಯ ಕೋಣೆಯಲ್ಲಿ ಪತ್ರಿಕೆಯ ತುಣುಕುಗಳಿರುವುದು ಬಡಗಿಯ ಮನೆಯಲ್ಲಿ ಉಳಿ ಇರುವಷ್ಟೇ ಸಹಜ. ಸೌಕರ್ಯ ಸಿಗದಿದ್ದರೆ ಮತ ಹಾಕುವುದಿಲ್ಲವೆಂಬ ಎಚ್ಚರಿಕೆ ಕರ್ನಾಟಕದ ನೂರಾರು ಹಳ್ಳಿಗಳು ಪ್ರತಿ ಚುನಾವಣೆಯಲ್ಲಿಯೂ ಕೊಡುವಂಥದ್ದು. ಅಂತಹ ಹಳ್ಳಿಗಳಿಗೆ ತಹಶೀಲ್ದಾರರು ಮನವೊಲಿಸಲು ಹೋಗುತ್ತಾರೆ. ಕುತ್ಲೂರಿಗೆ ಬಂದದ್ದು ನಿಗ್ರಹ ಪಡೆ.

ಸುಮಾರು ನಾಲ್ಕು ತಿಂಗಳ ಸೆರೆವಾಸದ ನಡುವೆ ವಿದ್ಯಾರ್ಥಿಯನ್ನು ಕೈಕೋಳ ತೊಡಿಸಿ ಪರೀಕ್ಷೆಗೆ ಕರೆತಂದದ್ದು ನಾಡಿನಾದ್ಯಂತ ಚರ್ಚೆಗೆ ಗುರಿಯಾಯಿತು. ವಿಚಾರಣಾಧೀನ ಬಂದಿಗೆ ಸಕಾರಣವಿಲ್ಲದೆ ಕೋಳ ತೊಡಿಸಕೂಡದೆಂದು ಪ್ರೇಮಶಂಕರ ಶುಕ್ಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1980ರಲ್ಲಿಯೇ ಹೇಳಿತ್ತು. ಜಾಮೀನು ದೊರೆತ ಮೇಲೂ ಪ್ರಕರಣ ಮುಗಿಯಲಿಲ್ಲ. 2021ರ ಅಕ್ಟೋಬರ್ 21ರಂದು ಮಂಗಳೂರಿನ ಮೂರನೆಯ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವು ತಂದೆ ಮಗ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಭಗತ್ ಸಿಂಗ್ ಕುರಿತ ಪುಸ್ತಕವನ್ನು ಇಟ್ಟುಕೊಳ್ಳುವುದನ್ನಾಗಲೀ ಪತ್ರಿಕೆಗಳನ್ನು ಓದುವುದನ್ನಾಗಲೀ ಕಾನೂನು ನಿಷೇಧಿಸಿಲ್ಲ, ಪತ್ರದಲ್ಲಿರುವುದು ಸ್ಥಳೀಯರ ಬೇಡಿಕೆಗಳು ಎಂಬುದು ನ್ಯಾಯಾಲಯದ ನಿಲುವಿನ ಸಾರಾಂಶ. ಇಷ್ಟನ್ನು ಹೇಳಿಸಿಕೊಳ್ಳಲು ಒಂಬತ್ತೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಅಷ್ಟರಲ್ಲಿ ಆ ವಿದ್ಯಾರ್ಥಿ ಕನ್ನಡ ದೈನಿಕವೊಂದರ ಪತ್ರಕರ್ತರಾಗಿದ್ದರು. ಅಂದರೆ ಪರರ ಬಂಧನ, ಬಿಡುಗಡೆಗಳ ಸುದ್ದಿ ಬರೆಯುವ ವೃತ್ತಿಯಲ್ಲಿದ್ದಾಗ ತಾವೇ ‘ಆರೋಪಿ’ಯಾಗಿಯೂ ಇದ್ದರು.

ಹೆಸರಿನ ಪ್ರಶ್ನೆ ಇಲ್ಲಿ ಪುಸ್ತಕದ ಚರ್ಚೆಯಾಗಿ ಉಳಿಯುವುದಿಲ್ಲ. ‘ರಾಜದ್ರೋಹದ ಆರೋಪ’ ಎಂದಾಗ ಆರೋಪ ಹೊರಿಸಿದವರು ಯಾರೆಂಬುದು ಶಬ್ದದಲ್ಲಿಯೇ ಕಾಣುತ್ತದೆ: ಆಳುವವರು. ಆಳುವವರೊಂದಿಗೆ ವಾದಿಸಬಹುದು, ಅವರದು ತಪ್ಪೆನ್ನಬಹುದು. ‘ದೇಶದ್ರೋಹದ ಆರೋಪ’ ಎಂದಾಗ ಠಾಣೆಯೂ ಪಡೆಯೂ ಇಲಾಖೆಯೂ ಕಣ್ಮರೆಯಾಗಿ, ಎದುರಿಗೆ ದೇಶವೇ ನಿಲ್ಲುತ್ತದೆ. ಬಸ್ಸಿನಲ್ಲಿ ಪಕ್ಕ ಕುಳಿತವರು, ವಿದ್ಯಾರ್ಥಿನಿಲಯದ ಸಹಪಾಠಿಗಳು, ವಕೀಲರ ಸಂಘದ ಸದಸ್ಯರು ಎಲ್ಲರೂ ದ್ರೋಹಕ್ಕೊಳಗಾದ ಕಕ್ಷಿಗಳಾಗುತ್ತಾರೆ. ದೋಷಮುಕ್ತಿಯ ಸುದ್ದಿ ಒಳಪುಟದ ಮೂಲೆಯಲ್ಲಿ ಬಂದಾಗಲೂ ತಲೆಬರಹದಲ್ಲಿ ಅದೇ ಶಬ್ದ ಮರಳುತ್ತದೆ. 2020ರಲ್ಲಿ ಬೀದರಿನ ಶಾಲೆಯೊಂದರಲ್ಲಿ ಮಕ್ಕಳು ಆಡಿದ ನಾಟಕದ ಮೇಲೆ ಇದೇ ಕಲಮಿನಡಿ ಪ್ರಕರಣ ದಾಖಲಾಗಿ, 2023ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿದಾಗಲೂ ಕನ್ನಡದ ವರದಿಗಳಲ್ಲಿ ಎರಡು ಶಬ್ದಗಳೂ ಒಂದೇ ಎಂಬಂತೆ ಬಳಕೆಯಾದವು. ಸ್ಥಳದ ಉಳಿತಾಯವೂ ಅವಸರವೂ ಇದಕ್ಕೆ ಕಾರಣವಿರಬಹುದು, ದುರುದ್ದೇಶವೇ ಇರಬೇಕೆಂದಿಲ್ಲ.

ಪತ್ರಕರ್ತನನ್ನು ಸೆರೆಗೆ ತಳ್ಳಲು 124ಎ ಒಂದೇ ದಾರಿಯೂ ಅಲ್ಲ. ಕುತ್ಲೂರಿನ ಬಂಧನ ನಡೆದ ವರ್ಷವೇ, ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇ ಮೇಲೆ ನಡೆದ ದಾಳಿಯನ್ನು ವರದಿ ಮಾಡಿದ ದೂರದರ್ಶನ ವಾಹಿನಿಯ ವರದಿಗಾರ ನವೀನ್ ಸೂರಿಂಜೆ ಅವರನ್ನು ದಾಳಿಕೋರರ ಜೊತೆಗೆ ಆರೋಪಿಯನ್ನಾಗಿಸಿ ನವೆಂಬರ್‌ನಲ್ಲಿ ಬಂಧಿಸಲಾಯಿತು. ಅವರು ನಾಲ್ಕು ತಿಂಗಳಿಗೂ ಮೀರಿ ಸೆರೆಯಲ್ಲಿದ್ದರು. ಪ್ರಕರಣವನ್ನು ಮುಂದೆ ಸರ್ಕಾರವೇ ಹಿಂತೆಗೆದುಕೊಂಡಿತು. ಅಲ್ಲಿ ‘ದ್ರೋಹ’ದ ಶಬ್ದ ಇರಲಿಲ್ಲ. ಪತ್ರಕರ್ತರ ಸಂಘಟನೆಗಳು ಬೀದಿಗಿಳಿಯಲು ಅಷ್ಟಾಗಿ ಹಿಂಜರಿಯಲಿಲ್ಲ ಎಂಬುದು ಹೋಲಿಕೆಗೆ ತಕ್ಕ ಅಂಶ.

ಬ್ರಿಟನ್ ಈ ಅಪರಾಧವನ್ನು ತನ್ನ ನೆಲದಲ್ಲಿ 2009ರಲ್ಲಿ ರದ್ದುಮಾಡಿತು. ಅದರ ವಸಾಹತುಗಳಾಗಿದ್ದ ದೇಶಗಳು ಒಂದೊಂದು ದಾರಿ ಹಿಡಿದಿವೆ. ಕೆನ್ಯಾ 1997ರಲ್ಲಿ, ಘಾನಾ 2001ರಲ್ಲಿ ಇಂತಹ ಕಾನೂನನ್ನು ತೆಗೆದುಹಾಕಿದವು. ಉಗಾಂಡದ ಸಂವಿಧಾನ ನ್ಯಾಯಾಲಯವು ಪತ್ರಕರ್ತನೊಬ್ಬನ ಪ್ರಕರಣದಲ್ಲಿ 2010ರಲ್ಲಿ ಅದನ್ನು ಅಸಿಂಧುಗೊಳಿಸಿತು. ಮಲೇಶಿಯಾದಲ್ಲಿ 1948ರ ವಸಾಹತು ಕಾಯಿದೆ ಉಳಿದೇ ಇದೆ. ಭಾರತದ 124ಎ ಕಲಮಿನ ಅವಳಿಯಾದ ಪಾಕಿಸ್ತಾನದ 124ಎ ಕಲಮನ್ನು ಲಾಹೋರ್ ಉಚ್ಚ ನ್ಯಾಯಾಲಯವು 2023ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಭಾರತದಲ್ಲಿ ಮೈಸೂರಿನ ನಿವೃತ್ತ ಸೇನಾಧಿಕಾರಿ ಎಸ್.ಜಿ. ಒಂಬತ್ಕೆರೆ, ಸಂಪಾದಕರ ಒಕ್ಕೂಟ ಮೊದಲಾದವರ ಅರ್ಜಿಗಳ ಮೇಲೆ ಸರ್ವೋಚ್ಚ ನ್ಯಾಯಾಲಯವು 2022ರ ಮೇ 11ರಂದು ಈ ಕಲಮಿನ ಬಳಕೆಯನ್ನು ತಡೆಹಿಡಿಯಿತು. ವಿಠಲ ಅವರ ಬಿಡುಗಡೆಯಾಗಿ ಆಗಿನ್ನೂ ಏಳು ತಿಂಗಳು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಡಿಷನ್ ಎಂಬ ಶಬ್ದವಿಲ್ಲ. ಅದರ 152ನೆಯ ಕಲಮು ಪ್ರತ್ಯೇಕತೆ, ಸಶಸ್ತ್ರ ದಂಗೆ ಅಥವಾ ವಿಧ್ವಂಸಕ ಚಟುವಟಿಕೆಗಳನ್ನು ಪ್ರಚೋದಿಸುವ, ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗಳಿಗೆ ಅಪಾಯ ತರುವ ಮಾತು, ಬರಹ, ಸಂಕೇತಗಳನ್ನು ಶಿಕ್ಷಾರ್ಹಗೊಳಿಸುತ್ತದೆ. ಸರ್ಕಾರದ ಮೇಲಿನ ಅಪ್ರೀತಿ ಅಪರಾಧದ ಪಟ್ಟಿಯಿಂದ ಹೊರಗೆ ಹೋದದ್ದು ನಿಜ. ಅದು ಸಣ್ಣ ಸಂಗತಿಯಲ್ಲ. ಆದರೆ ಹಿಂದೆ ಜೀವಾವಧಿಯ ಪರ್ಯಾಯವಾಗಿ ಮೂರು ವರ್ಷಗಳವರೆಗೆ ಇದ್ದ ಶಿಕ್ಷೆ ಏಳು ವರ್ಷಗಳವರೆಗೆ ಏರಿದೆ. ದಂಡ ಮಾತ್ರ ವಿಧಿಸಿ ಬಿಡುವ ಅವಕಾಶವೂ ಇಲ್ಲವಾಗಿದೆ. ‘ವಿಧ್ವಂಸಕ ಚಟುವಟಿಕೆ’ಗೆ ಕಲಮಿನಲ್ಲಿ ನಿರ್ವಚನವಿಲ್ಲ, ಕಾಡಂಚಿನ ಊರಿನ ಬಹಿಷ್ಕಾರದ ಪತ್ರ ಅದರೊಳಗೆ ಬರುತ್ತದೆಯೇ ಎಂಬುದನ್ನು ಮೊದಲು ತೀರ್ಮಾನಿಸುವವನು ಠಾಣಾಧಿಕಾರಿಯೇ. ಸಾರ್ವಭೌಮತೆ, ಏಕತೆ ಮತ್ತು ಅಖಂಡತೆಗೆ ಅಪಾಯ ತರುವ ಕೃತ್ಯಗಳು ಎಂಬ ಇದರ ಉದ್ದನೆಯ ಶೀರ್ಷಿಕೆ ಪತ್ರಿಕೆಯ ಎರಡು ಕಾಲಂ ತಲೆಬರಹದಲ್ಲಿ ಹಿಡಿಸುವುದಿಲ್ಲ. ಹಿಡಿಸುವ ಶಬ್ದವೊಂದು ಉಪಸಂಪಾದಕರ ಕೈಯಳತೆಯಲ್ಲಿ ಮೊದಲೇ ಸಿದ್ಧವಾಗಿದೆ.